ಗಾಳಿಮನೆ ಕಾಯೋರು

ಜನ ಖುಷಿಯಾಗಿರ್ಲಿ ಅಂತ ಕಟ್ಟಿದ ಮನೆಯನ್ನ ನೋಡ್ಕೊಳ್ಳೋರಿಗೆ ಒಂದಲ್ಲ ಒಂದು ಗೋಳು ಇದ್ದೇ ಇರುತ್ತೆ. ಆ ಹೊತ್ತಿಗೆ ಎದೆ ಧಸಕ್ ಅನ್ನುತ್ತೆ. ನಗು ಬರೋದು ಬಂದವರೆಲ್ಲ ಹೊರಟುಹೋದ ಮೇಲೆ, ಪಾತ್ರೆ ತಿಕ್ಕುವಾಗ.

ನಂದು ತವರು ಬುಕ್ಕಾಂಬುಧಿ. ನಮ್ಮನೆಯವರು ಅಜ್ಜಂಪುರದಲ್ಲಿ ಗೂಡ್ಸ್ ಟೆಂಪೋ ಓಡಿಸ್ತಿದ್ದರು. ಸೊಂಟ ಹಿಡ್ಕೊಂಡು ಸ್ಟೇರಿಂಗ್ ಮುಂದೆ ಕೂರೋಕೇ ಆಗದಂಗಾದಾಗ, ಕಡೂರಿನ ಕೊಬ್ಬರಿ ಮಂಡಿ ಸಾಹುಕಾರ್ರು ಕರೆದು ಈ ಕೆಲಸ ಕೊಟ್ಟರು. ಸಾಹುಕಾರ್ರಿಗೆ ಉಬ್ಬಸ. ಒಳ್ಳೆ ಗಾಳಿ ಬೇಕು ಅಂತ ಡಾಕ್ಟ್ರು ಹೇಳಿದ್ದಕ್ಕೆ ಲಿಂಗದಹಳ್ಳಿ ದಾಟಿ ಬೆಟ್ಟದ ಬುಡದಲ್ಲಿ ಒಂದು ಮನೆ ಕಟ್ಟಿಸಿದ್ದರು. ಸುತ್ತಮುತ್ತಲಿನವರ ಬಾಯಲ್ಲಿ ಅದು ಗಾಳಿಮನೆ. ತಾವು ಇಲ್ಲದಾಗ ರಜಕ್ಕೆ ಬರೋರಿಗೆ ಬಾಡಿಗೆಗೆ ಕೊಡ್ತಿದ್ದರು. ಅಡುಗೆ, ಕಸಮುಸುರೆ ನಂದು. ಗೇಟು, ನೀರು, ಕರೆಂಟು ನಮ್ಮನೆಯವರದು. ಏನೋ ಕೆಟ್ಟದ್ದು ಆಗುತ್ತೆ ಅಂತ ಮುಂಚೆನೇ ಹೇಳೋದೂ ಅವರದೇ.

ಮಾತು ಬಿಟ್ಟವರು

ಹೊಸದಾಗಿ ಮದುವೆಯಾದ ಜೋಡಿ ಒಂದು ಬೈಕಲ್ಲಿ ಬಂತು. ಇಳಿಯೋವಾಗಲೇ ಒಬ್ಬರ ಮುಖ ಆ ಕಡೆ, ಇನ್ನೊಬ್ಬರದು ಈ ಕಡೆ. ದಾರೀಲಿ ಏನೋ ಜಗಳ ಆಗಿತ್ತು. ಊಟಕ್ಕೆ ಒಂದೇ ಮೇಜಿನ ಮುಂದೆ ಕೂತರು, ನನ್ನನ್ನ ನಡುವೆ ನಿಲ್ಲಿಸ್ಕೊಂಡರು.

“ಅಕ್ಕ, ಅವರಿಗೆ ಉಪ್ಪಿನಕಾಯಿ ಬೇಕಾ ಕೇಳಿ” ಅಂದಳು ಹುಡುಗಿ.

“ಬೇಡ ಅಂತ ಹೇಳಿ” ಅಂದ ಅವನು.

“ಬೇಡ್ವಂತಮ್ಮ” ಅಂದೆ ನಾನು.

“ನಂಗೂ ಕಿವಿ ಇದೆ ಅಂತ ಹೇಳಿ” ಅಂದಳು.

ಮಾರನೇ ದಿನವೂ ಇದೇ ಕಥೆ. ನಮ್ಮನೆಯವರು ಅಡುಗೆಮನೆ ಬಾಗಿಲಲ್ಲಿ ನಿಂತು, “ಇದು ಕೋರ್ಟಿಗೇ ಹೋಗೋದು ಕಣೇ” ಅಂದರು. ನನಗೂ ಅದೇ ಭಯ. ಇನ್ನೂ ಅರಿಶಿನದ ಕೊಂಬು ಹೊಳೀತಿದೆ ಕೊರಳಲ್ಲಿ, ಈ ಮನೇಲೇ ಮದುವೆ ಮುರಿದು ಹೋಗುತ್ತಲ್ಲ ಅಂತ. ಅದೇ ಯೋಚನೇಲಿ ಸಾರು ಮಾಡಿ ಬಡಿಸಿದೆ. ಅವನು ಒಂದು ತುತ್ತು ಬಾಯಿಗಿಟ್ಟು ಅವಳ ಮುಖ ನೋಡಿದ. ಅವಳೂ ಒಂದು ತುತ್ತು ತಿಂದು ಅವನ ಮುಖ ನೋಡಿದಳು.

“ಉಪ್ಪು ಎರಡು ಸಲ ಹಾಕಿದಾರೆ ಅಲ್ವಾ?” ಅಂದ ಅವನು, ಸೀದಾ ಅವಳಿಗೇ.

“ಬಾಯಿಗಿಡೋಕಾಗಲ್ಲ ರೀ” ಅಂದಳು.

ಐದು ನಿಮಿಷದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅಂಟ್ಕೊಂಡು ಬೈಕಲ್ಲಿ ತರೀಕೆರೆಗೆ ಊಟಕ್ಕೆ ಹೋದರು.

ಬೆಟ್ಟ ಎಲ್ಲಿ?

ಮಳೆಗಾಲ ಮುಗಿಯೋ ಹೊತ್ತಲ್ಲಿ ಒಂದು ಸಂಸಾರ ಬಂತು. ಬಂದಾಗಿನಿಂದ ಮಂಜು ಕವಿದು ಅಂಗಳದ ತುದೀನೂ ಕಾಣ್ತಿರ್ಲಿಲ್ಲ. ಆ ಸಂಸಾರದ ಯಜಮಾನ ಜಗಲಿ ಮೇಲೆ ಶತಪಥ ತಿರುಗಿ ತಿರುಗಿ ಸಾಕಾಗಿ, “ಏನಪ್ಪಾ, ಕಿಟಕಿ ತೆಗೆದ್ರೆ ಬೆಟ್ಟ ಕಾಣುತ್ತೆ ಅಂದಿದ್ರಲ್ಲ, ಎಲ್ಲಿ ಬೆಟ್ಟ?” ಅಂತ ನಮ್ಮನೆಯವರನ್ನ ತರಾಟೆಗೆ ತಗೊಂಡ.

ನಮ್ಮನೆಯವರು ಬಿಳಿ ಮಂಜಿನ ಕಡೆ ಕೈ ತೋರಿಸಿ, “ಅಲ್ಲೇ ಇದೆ ಸ್ವಾಮಿ” ಅಂದರು.

“ನಂಬೋದು ಹೆಂಗೆ?”

“ನಾವು ಮಾರ್ಕೊಂಡಿಲ್ಲ ಸ್ವಾಮಿ” ಅಂದರು ನಮ್ಮನೆಯವರು.

ಹಗ್ಗ

ಒಂದು ಮಧ್ಯಾಹ್ನ ನಡುವಯಸ್ಸು ದಾಟಿದ ಗಂಡಸೊಬ್ಬರು ಒಬ್ಬರೇ ಬಸ್ಸಿಳಿದು ನಡ್ಕೊಂಡು ಬಂದರು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು. ಕೋಣೆ ತೋರಿಸಿದೆ. ಅವರು ಕೇಳಿದ್ದು ಒಂದೇ: “ಅಮ್ಮಾ, ಗಟ್ಟಿಯಾದ ಹಗ್ಗ ಇದ್ಯಾ?”

ಇಲ್ಲ ಅಂದ್ಬಿಟ್ಟೆ. ನಮ್ಮನೆಯವರಿಗೆ ವಿಷಯ ತಿಳಿದು ಮುಖ ಸಪ್ಪಗಾಯ್ತು. “ನಾ ಹೇಳ್ಲಿಲ್ವಾ, ಈ ಮನೇಲಿ ಏನೋ ಕಾದಿದೆ ಅಂತ.” ದನದ ಹಗ್ಗ, ಬಾವಿ ಹಗ್ಗ, ಮಂಚದ ನವಾರು, ಕಿಟಕಿ ಪರದೆಯ ದಾರ, ಎಲ್ಲಾನೂ ಸುತ್ತಿ ತಂದು ಅಟ್ಟದ ಮೇಲೆ ಹಾಕಿದರು. ಚಾಕು, ಕತ್ತರಿ ನನ್ನ ಟ್ರಂಕಿಗೆ ಸೇರಿದವು. ಆ ಮನುಷ್ಯರು ಹೆಬ್ಬೆ ಫಾಲ್ಸಿಗೆ ದಾರಿ ಕೇಳಿದರು. ಫಾಲ್ಸ್ ರಿಪೇರೀಲಿದೆ ಅಂದರು ನಮ್ಮನೆಯವರು.

ನಾನಂತೂ ಸುಮ್ಮನೆ ಕೂರ್ಲಿಲ್ಲ. ಕಾಫಿ ಕೊಡೋ ನೆಪದಲ್ಲಿ ಹೋಗಿ ಬಾಗಿಲು ತಟ್ಟೋದು, ಮಂಡಕ್ಕಿ ಕೊಡೋ ನೆಪದಲ್ಲಿ ತಟ್ಟೋದು, ಲೋಟ ವಾಪಸ್ ಕೇಳೋ ನೆಪದಲ್ಲಿ ತಟ್ಟೋದು. ಸ್ನಾನಕ್ಕೆ ಹೋಗಿ ತಡವಾದ್ರೆ ನಮ್ಮನೆಯವರು ಹೊರಗೆ ನಿಂತು, “ನೀರು ಕಾದಿದ್ಯಾ ಸಾರ್?” ಅಂತ ಕೂಗೋರು. ಅವರು ಒಳಗಿಂದ “ಹೂಂ” ಅಂದ ಮೇಲೇ ನಾವು ಉಸಿರು ಬಿಡ್ತಿದ್ದದ್ದು.

ಕೊನೆಗೆ ಮಾರನೇ ದಿನ, ಕೈತುಂಬ ಒದ್ದೆ ಬಟ್ಟೆ ಹಿಡ್ಕೊಂಡು ಹೊರಗೆ ಬಂದರು. “ಅಮ್ಮಾ, ಹಗ್ಗ ಇಲ್ದಿದ್ರೆ ಬೇಲಿ ಮೇಲಾದ್ರೂ ಒಣಗಿಹಾಕ್ಲಾ? ಮನೆಯವಳು ತೀರ್ಕೊಂಡ ಮೇಲೆ ನಾನೇ ಒಗ್ಕೊಳ್ತೀನಿ. ಸರಿಯಾಗಿ ಹಿಂಡೋಕೆ ಬರಲ್ಲ, ಒಣಗೋದೇ ಇಲ್ಲ.”

ಬಟ್ಟೆ ಇಸ್ಕೊಂಡು ಹಿಂಡಿದೆ. ಅವರು ಅಲ್ಲೇ ಕಟ್ಟೆ ಮೇಲೆ ಕೂತು, “ಇಷ್ಟು ಸಲ ಊಟ ಆಯ್ತಾ, ಕಾಫಿ ಆಯ್ತಾ ಅಂತ ನನ್ನ ಮಗಳ ಮನೇಲೂ ಯಾರೂ ಕೇಳಿಲ್ಲ ಕಣಮ್ಮ” ಅಂದರು. ಹೆಂಡತಿ ವಿಚಾರ ಹೇಳ್ಕೊಂಡು ಸ್ವಲ್ಪ ಅತ್ತರು. ನಾನೂ ಅತ್ತೆ.

ನಮ್ಮನೆಯವರು ಅಟ್ಟ ಹತ್ತಿ ಹಗ್ಗ ತಂದು ಎರಡು ಮರದ ನಡುವೆ ಕಟ್ಟಿಕೊಟ್ಟರು. ಆದ್ರೂ ಅನುಮಾನ ಪೂರ್ತಿ ಹೋಗಿರ್ಲಿಲ್ಲ ಅಂತ ಕಾಣುತ್ತೆ. ಮೊಣಕಾಲೆತ್ತರಕ್ಕೆ ಕಟ್ಟಿದ್ದರು. ಪಂಚೆಯೆಲ್ಲ ಮಣ್ಣಾಯ್ತು.

ಆರಾಧನೆಯ ದಿನ ಬಂದವರು

ಹೋದ ವರ್ಷ ಸಾಹುಕಾರ್ರು ಹೋಗ್ಬಿಟ್ಟರು. ಆ ಗಾಳಿಯೂ ಅವರನ್ನ ಉಳಿಸ್ಲಿಲ್ಲ. ಅವರ ಆಸೆಯಂತೆ ಗಾಳಿಮನೆಯ ಹಿತ್ತಲಲ್ಲೇ ಮಣ್ಣು ಮಾಡಿದರು. ಅಮ್ಮಾವ್ರು, ಅಂದ್ರೆ ಸಾಹುಕಾರ್ರ ಹೆಂಡತಿ, ಅವತ್ತಿಂದ ಒಂದು ಮಾತಾಡಿರ್ಲಿಲ್ಲ, ಅತ್ತೂ ಇರ್ಲಿಲ್ಲ. ಗೋಡೆ ನೋಡ್ಕೊಂಡು ಕೂತುಬಿಡ್ತಿದ್ದರು. ಸಾಹುಕಾರ್ರ ತಮ್ಮ ಮಾತ್ರ, ಸಮಾಧಿ ಇರೋ ಮನೆಗೆ ಯಾರು ರಜಕ್ಕೆ ಬರ್ತಾರೆ, ಮಾರಿಬಿಡೋಣ ಅಂತ ಹೇಳ್ತಾನೇ ಇದ್ದರು. ಮಾರಿದ್ರೆ ನಾವೆಲ್ಲಿಗೆ ಹೋಗೋದು ಅಂತ ನಮಗೆ ಅನ್ನ ಇಳೀತಿರ್ಲಿಲ್ಲ.

ಹನ್ನೊಂದನೇ ದಿನದ ಶಿವಗಣಾರಾಧನೆಗೆ ಕಡೂರಿಂದ ನೆಂಟರಿಷ್ಟರು, ಮಂಡಿಯವರು ಎಲ್ಲ ಬಂದಿದ್ದರು. ಶಾಮಿಯಾನ ಹಾಕಿ ಊಟದ ಪಂಕ್ತಿ ಕೂತಿತ್ತು. ಆಗ ಗೇಟಿಗೆ ಒಂದು ವ್ಯಾನು ಬಂದು ನಿಂತಿತು. ಅಚ್ಚಬಿಳಿ ಪಂಚೆ, ಶಲ್ಯದ ವಯಸ್ಸಾದ ಮೇಷ್ಟ್ರೊಬ್ಬರು, ಹಿಂದೆ ಅವರ ಮಕ್ಕಳು, ಸೊಸೆಯರು ಇಳಿದರು. ನೆಂಟರು ಇವರು ಮಂಡಿ ಕಡೆಯವರು ಅಂದ್ಕೊಂಡು, ಮಂಡಿಯವರು ಇವರು ನೆಂಟರು ಅಂದ್ಕೊಂಡು, ಕೈಕಾಲಿಗೆ ನೀರು ಕೊಟ್ಟು ಎಲೆ ಮುಂದೆ ಕೂರಿಸಿಯೇಬಿಟ್ಟರು. ನಾನು ಹೋಳಿಗೆ ಬಡಿಸ್ತಾ ಹೋದಾಗ ಮೇಷ್ಟ್ರು, “ನನ್ನ ಹುಟ್ಟುಹಬ್ಬಕ್ಕೆ ಇಷ್ಟೆಲ್ಲ ಮಾಡ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ ಕಣಮ್ಮ” ಅಂದರು. ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳೀತು. ಸಾಹುಕಾರ್ರು ಬದುಕಿದ್ದಾಗಲೇ ಫೋನಲ್ಲಿ ಆ ದಿನಕ್ಕೆ ಇವರಿಗೆ ಮನೆ ಕೊಡ್ತೀನಿ ಅಂತ ಒಪ್ಪಿಕೊಂಡಿದ್ದರು. ನಮಗೆ ಹೇಳೋ ಮೊದಲೇ ಹೋಗ್ಬಿಟ್ಟಿದ್ದರು.

ನಾನು ಏನು ಹೇಳ್ಬೇಕು ಅಂತ ತಡವರಿಸೋವಷ್ಟರಲ್ಲಿ ಮೇಷ್ಟ್ರು ಕೈ ತೊಳ್ಕೊಂಡು ನಮ್ಮನೆಯವರ ಹತ್ರ ಹೋದರು. “ಫೋನಲ್ಲಿ ಮಾತಾಡಿದ್ದ ಸಾಹುಕಾರ್ರು ಎಲ್ಲಿ? ಒಂದು ನಮಸ್ಕಾರ ಹೇಳ್ಬೇಕು.”

ನಮ್ಮನೆಯವರಿಗೆ ಸುತ್ತಿಬಳಸಿ ಮಾತಾಡೋಕೆ ಬರಲ್ಲ. “ಹಿತ್ತಲಲ್ಲಿದಾರೆ” ಅಂದರು.

“ಕರೀರಿ ಮತ್ತೆ.”

“ಕರೆದ್ರೆ ಬರಲ್ಲ ಸ್ವಾಮಿ.”

“ಅಷ್ಟು ನಾಚಿಕೆನಾ? ನಾನೇ ಹೋಗ್ತೀನಿ ಬಿಡಿ” ಅಂತ ಮೇಷ್ಟ್ರು ಹಿತ್ತಲಿಗೆ ಹೋದರು. ಹಸಿ ಮಣ್ಣು, ಹೂವು, ಊದುಬತ್ತಿ ಕಂಡು ಅಲ್ಲೇ ಕಲ್ಲಾಗಿ ನಿಂತರು. ಆಮೇಲೆ ಕೈಮುಗಿದು, ವಾಪಸ್ ಬಂದು, “ಕ್ಷಮಿಸ್ಬೇಕು, ಅವರೇ ಫೋನಲ್ಲಿ ಬನ್ನಿ ಅಂದಿದ್ರು, ಹಿಂಗಾಗಿದೆ ಅಂತ ಗೊತ್ತಾಗ್ಲಿಲ್ಲ, ಈಗಲೇ ಹೊರಡ್ತೀವಿ” ಅಂತ ತಮ್ಮ ಮಕ್ಕಳು, ಸೊಸೆಯರನ್ನೆಲ್ಲ ಎಬ್ಬಿಸೋಕೆ ಶುರು ಮಾಡಿದರು.

ಅಮ್ಮಾವ್ರು ಒಳಗಿಂದ ಬಾಗಿಲಿಗೆ ಬಂದರು. ಇಷ್ಟು ದಿನದ ಮೇಲೆ ಅವರ ದನಿ ಕೇಳಿದ್ದು ಆಗಲೇ. “ಕೂತ್ಕೊಳ್ಳಿ ಮೇಷ್ಟ್ರೇ. ಅವರು ಬನ್ನಿ ಅಂದಿದ್ದು ತಾನೆ? ಇದ್ದು ಹೋಗಿ.” ಮೈದುನನ ಕಡೆ ತಿರುಗಿ, “ಇನ್ನೂ ಯಾರ್ಯಾರಿಗೆ ಬನ್ನಿ ಅಂದಿದಾರೋ ಗೊತ್ತಿಲ್ಲ. ಮನೆ ಹಿಂಗೇ ಇರ್ಲಿ” ಅಂದರು. ಮೈದುನ ಹೂಂ ಅಂತ ತಲೆ ಅಲ್ಲಾಡಿಸಿದರು.

ಸಾಯಂಕಾಲ ನೆಂಟರೆಲ್ಲ ಹೋದ ಮೇಲೆ ಅಮ್ಮಾವ್ರು ನಮ್ಮನೆಯವರನ್ನ ಕರೆದು, “ಮೇಷ್ಟ್ರಿಗೆ ಏನಂತ ಹೇಳ್ದೆಯಪ್ಪಾ?” ಅಂದರು.

ಕೆಲಸ ಹೋಯ್ತು ಅಂತಲೇ ತಿಳ್ಕೊಂಡು ನಮ್ಮನೆಯವರು ತಲೆ ತಗ್ಗಿಸಿದರು. “ಹಿತ್ತಲಲ್ಲಿದಾರೆ, ಕರೆದ್ರೆ ಬರಲ್ಲ ಅಂದೆ.”

ಅಮ್ಮಾವ್ರ ಹೆಗಲು ಅಲ್ಲಾಡೋಕೆ ಶುರುವಾಯ್ತು. ಅಳ್ತಿದಾರೆ ಅಂದ್ಕೊಂಡು ಹತ್ರ ಹೋದೆ. ನಗ್ತಿದ್ದರು, ಕಣ್ಣಲ್ಲಿ ನೀರೂ ಸುರೀತಿತ್ತು.

“ಬದುಕಿದ್ದಾಗ್ಲೂ ಅಷ್ಟೇ ಕಣಪ್ಪಾ” ಅಂದರು, ಸೆರಗಲ್ಲಿ ಮುಖ ಒರೆಸ್ಕೊಂಡು. “ಯಾವತ್ತು ಕರೆದ ತಕ್ಷಣ ಬಂದಿದ್ರು ಹೇಳು.”