ಲೇಸಿನ ಕೂದಲಿಗೆ ಪೀಪಾಯಿ ಟೇಪು

ಹದಿನೆಂಟು ಸಾವಿರ ಹೇಳಿದ ಕೂದಲನ್ನು ಹನ್ನೊಂದಕ್ಕೆ ಇಳಿಸಿ ತಂದವನು ನಾನು. ಅದಕ್ಕೆ ಎರಡು ಚಹಾ, ಒಂದಿಷ್ಟು ಮೌನ, ಅಂಗಡಿಯಿಂದ ಎದ್ದು ಮೆಟ್ಟಿಲವರೆಗೆ ಹೋಗುವ ಹಳೆಯ ನಾಟಕ, ಇಷ್ಟು ಸಾಕಾಯಿತು. ಇದು ಟೋಪಿಯಂತೆ ಹಾಕಿ ತೆಗೆಯುವ ಸಾದಾ ವಿಗ್ಗಲ್ಲ, ಲೇಸ್ ಫ್ರಂಟ್ ಎಂದು ಹೈದರಾಬಾದಿನ ಅಮೀರ್‌ಪೇಟೆಯ ಆ ಅಂಗಡಿಯವನು ತಿಳಿಸಿಕೊಟ್ಟ. ಮುಂಭಾಗದಲ್ಲಿ ಸೊಳ್ಳೆಪರದೆಗಿಂತ ತೆಳುವಾದ ಬಲೆ. ಅದಕ್ಕೆ ಒಂದೊಂದೇ ಕೂದಲನ್ನು ಗಂಟು ಹಾಕಿರುತ್ತಾರೆ. ಬಲೆಯನ್ನು ಹಣೆಯ ಮೇಲಂಚಿಗೆ ಟೇಪಿನಿಂದ ಅಂಟಿಸಿದರೆ ಕೂದಲು ಚರ್ಮದಿಂದಲೇ ಹುಟ್ಟಿದಂತೆ ಕಾಣುತ್ತದೆ. "ಟೇಪ್ ಅಲಗ್ ಲೇನಾ ಪಡ್ತಾ ಸಾಬ್" ಎಂದು, ಬೇರೆಯಾಗಿ ಕೊಳ್ಳಬೇಕಾದ ಒಂದು ಸಣ್ಣ ಸುರುಳಿ ತೋರಿಸಿ ಅವನು ಹೇಳಿದ ದರಕ್ಕೆ ನನಗೆ ನಗು ಬಂತು. ಪಟಾನ್‌ಚೆರುವಿನ ಕಾರ್ಖಾನೆಗಳಿಗೆ ಟೇಪು ಸರಬರಾಜು ಮಾಡಿಯೇ ಮಿಯಾಪುರದಲ್ಲಿ ಫ್ಲಾಟು ಕೊಂಡವನು ನಾನು. ನನಗೇ ಟೇಪು ಮಾರುವುದೆ? ಬೇಡವೆಂದು ಎದ್ದುಬಂದೆ. ನನ್ನ ಕಷ್ಟಗಳೆಲ್ಲ ಆ ಉಳಿತಾಯದಿಂದ ಶುರುವಾದವು.

ನಲವತ್ತೆರಡನೆಯ ವಯಸ್ಸಿನಲ್ಲಿ ಇವನಿಗೆ ಕೂದಲಿನ ಹುಚ್ಚು ಯಾಕೆ ಎಂದು ನೀವು ಕೇಳಬಹುದು. ನನ್ನ ಕೂದಲು ಮೂವತ್ತರಲ್ಲೇ ನನ್ನನ್ನು ಬಿಟ್ಟು ಹೊರಟಿತ್ತು. ಹೋಗುವವರನ್ನು ತಡೆಯುವ ಸ್ವಭಾವ ನನ್ನದಲ್ಲ. ಶಾಂಪೂ ಖರ್ಚು ಉಳಿಯಿತೆಂದು ಸುಮ್ಮನಿದ್ದೆ. ಆದರೆ ದಿಲ್‌ಸುಖ್‌ನಗರದಲ್ಲಿರುವ ತಂಗಿ ಜಯಶ್ರೀಗೆ ಮದುವೆಯಾಗಿ ಭಾಳ ವರ್ಷದ ಮೇಲೆ ಒಂದು ಗಂಡುಕೂಸು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ಹೋದಾಗ ಬೀಗರ ಕಡೆಯ ಒಬ್ಬ ಹಿರಿಯಾಕೆ ಕೂಸನ್ನು ತಂದು ನನ್ನ ತೊಡೆಯ ಮೇಲಿಟ್ಟು, "ತಗೋರಿ ಅಜ್ಜಾರ, ಮೊಮ್ಮಗ ಥೇಟ್ ನಿಮ್ಮಂಗ ಐತಿ, ತಲ್ಯಾಗ ಒಂದ್ ಕೂದಲಿಲ್ಲ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ವ್ಯಾಪಾರಿಗೆ ನಗು ಬಂಡವಾಳ. ಆದರೆ ಮನೆಗೆ ಬಂದು ಕನ್ನಡಿಯ ಮುಂದೆ ನಿಂತಾಗ ಆ 'ಅಜ್ಜಾರ' ಕಿವಿಯಿಂದ ಇಳಿಯಲಿಲ್ಲ. ಅಪ್ಪ ತೀರಿದ ಮೇಲೆ ತಂಗಿಯನ್ನು ಓದಿಸಿ, ಮದುವೆ ಮಾಡಿ, ಇಷ್ಟೆಲ್ಲ ಆದ ಮೇಲೆ ನನಗೆ ಸಿಗಬೇಕಾದದ್ದು ಸೋದರಮಾವನ ಪಟ್ಟ. ಕೂಸಿನ ಜಾವಳ ತೆಗೆಸುವಾಗ ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವನೇ. ಫೋಟೋ ತೆಗೆಯುವುದೂ ಆಗಲೇ. ಆ ಫೋಟೋ ನೋಡುತ್ತ ಬೆಳೆಯುವ ಹುಡುಗನ ಕಣ್ಣಿಗೆ ನಾನು ಮಾವನಾಗಿ ಕಾಣಬೇಕು. ನನಗೆ ಬೇಕಾದದ್ದು ಅಷ್ಟೇ.

ಜಾವಳದ ಬೆಳಿಗ್ಗೆ ಗೋದಾಮಿನಿಂದ ತಂದ ಎರಡು ಬದಿಯೂ ಅಂಟುವ ಟೇಪನ್ನು ಕತ್ತರಿಸಿ ಹಣೆಗೆ ಒತ್ತಿಕೊಂಡೆ. ಕಬ್ಬಿಣದ ಪೀಪಾಯಿಗಳಿಗೆ ನಾಮಫಲಕ ಅಂಟಿಸಲು ಕಾರ್ಖಾನೆಯವರು ಒಯ್ಯುವ ಮಾಲು ಅದು. ನನ್ನ ಹೆಂಡತಿ ಸುನಂದಾ ಲೇಸನ್ನು ಅದರ ಮೇಲೆ ಕೂರಿಸುತ್ತ, "ರೀ, ಇದು ಪೀಪಾಯಿದಲ್ರಿ?" ಎಂದಳು.

"ಹೌದು. ಬಿಸಲಿಗೆ ಬಿಡಂಗಿಲ್ಲ, ಮಳಿಗೆ ಬಿಡಂಗಿಲ್ಲ."

"ಬಿಡಿಸಿದ್ರ?"

"ಬಿಡಸೋದು ಯಾಕ? ಅಂಟಸೋದ ನೋಡು."

ಹಿಂಭಾಗಕ್ಕೆ ಎರಡು ಕ್ಲಿಪ್ಪು ಹಾಕಿ ಬಾಚಿದಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ನಮ್ಮ ಲಗ್ನದ ದಿನಾನೂ ನೀವು ಇಷ್ಟು ಚಂದ ಇರಲಿಲ್ಲ" ಎಂದಳು. ಹೊಗಳಿಕೆಯೋ ದೂರೋ ಎಂದು ಬಿಡಿಸಿ ನೋಡುವಷ್ಟು ವೇಳೆ ಇರಲಿಲ್ಲ.

ಜಾವಳ ಇದ್ದದ್ದು ಊರಾಚೆಯ ಒಂದು ಗುಡ್ಡದ ಮೇಲಿನ ಗುಡಿಯಲ್ಲಿ. ಬೀಗರೆಲ್ಲ ನನ್ನನ್ನು ಕಂಡು ಬಾಯಿ ತೆರೆದರು. ವಿಗ್ಗು ಎನ್ನಲು ನಾಲಿಗೆ ಹೊರಳಲಿಲ್ಲ. ಹೈದರಾಬಾದಿನ ಗಲ್ಲಿಗಲ್ಲಿಯಲ್ಲಿ ಕೂದಲು ನೆಡುವ ಕ್ಲಿನಿಕ್ಕುಗಳಿರುವಾಗ ಸುಳ್ಳು ಹೇಳುವುದೂ ಕಷ್ಟವಲ್ಲ. "ನಾಟಿ ಮಾಡಿಸೀನಿ. ಪರ್ಮನೆಂಟ್" ಎಂದೆ. ತೊಟ್ಟಿಲ ಕಾರ್ಯದಲ್ಲಿ ನನ್ನನ್ನು ಅಜ್ಜನನ್ನಾಗಿ ಮಾಡಿದ ಹಿರಿಯಾಕೆ ಈಗ "ಏನ್ ಮಾವಾರ" ಎಂದಳು. ಆ ಒಂದು ಮಾತಿಗೆ ಹನ್ನೊಂದು ಸಾವಿರ ವಸೂಲಾಯಿತು ಎಂದುಕೊಂಡೆ.

ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಕ್ಷೌರಿಕ ನೀರು ಹಚ್ಚಿದ್ದೇ ತಡ, ಅದು ಕಿಟಾರನೆ ಕಿರುಚಿ ಎರಡೂ ಮುಷ್ಟಿಯಲ್ಲಿ ನನ್ನ ಮುಂಗೂದಲು ಹಿಡಿದು ಜಗ್ಗಿತು. ಸುನಂದಾ ಕಣ್ಣು ಮುಚ್ಚಿಕೊಂಡಳು. ನನ್ನ ಮಾಲು ಬಿಡಲಿಲ್ಲ. ಹಣೆಯ ಚರ್ಮ ಟೇಪಿನ ಜೊತೆಗೇ ಎದ್ದು ಬಂದು ಮತ್ತೆ ಕೂತಿತು. ನಾನು ಹಲ್ಲು ಕಚ್ಚಿ ನಕ್ಕೆ. ಫೋಟೋದಲ್ಲಿ ಮಾತ್ರ ಕೂಸಿನ ಮುಷ್ಟಿಗಳ ಹಿಂದೆ ನನ್ನ ಮುಖವೇ ಕಾಣದಂತಾಯಿತು.

ಕೂಸಿನ ತಲೆ ನುಣ್ಣಗಾಗುತ್ತಲೇ ತಂಗಿಯ ಅತ್ತೆ ಮುಂದೆ ಬಂದರು. "ಬೀಗರ, ನೀವೂ ಮೂರು ಕತ್ರಿ ಮುಡಿ ಕೊಡ್ರಿ. ಸೋದರಮಾವ ಕೊಟ್ರ ಕೂಸಿಗೆ ಭಾಳ ಛಲೋ ಆಗತೈತಿ."

"ಮೊನ್ನೆ ನೆಟ್ಟದ್ದು, ಅಕ್ಕಾರ..." ಎಂದು ತಡವರಿಸಿದೆ.

"ಪರ್ಮನೆಂಟ್ ಅಂದ್ರಲ್ಲಾ? ಮತ್ತ ಬರತಾವ ಬಿಡ್ರಿ!"

ಕ್ಷೌರಿಕ ಕತ್ತರಿ ಹಿಡಿದು ನನ್ನ ಕಡೆ ತಿರುಗಿಯೇಬಿಟ್ಟ. ಇಷ್ಟು ಜನರ ನಡುವೆ ಅವನು ನನ್ನ ಹಣೆಯ ಕೂದಲೆತ್ತಿದರೆ ಬಲೆ ಕಾಣುತ್ತದೆ. ಕೊಡುವುದಿಲ್ಲವೆಂದರೆ ಕೂಸಿನ ಒಳ್ಳೆಯದಕ್ಕೆ ಮೂರು ಕೂದಲು ಕೊಡದ ಮಾವ ಎನಿಸಿಕೊಳ್ಳುತ್ತೇನೆ. ಗಂಡಸರಿಗೆ ಪೂರ್ತಿ ಮುಡಿ ತೆಗೆಯುವ ಕೋಣೆ ಒಳಗೆ, ಗೋಡೆಯ ಆಚೆ ಇತ್ತು. ವ್ಯಾಪಾರದಲ್ಲಿ ಸಿಕ್ಕಿಬಿದ್ದಾಗ ಆರ್ಡರು ದೊಡ್ಡದು ಮಾಡಬೇಕು. "ದೇವರಿಗೆ ಮೂರು ಕತ್ರಿ ಏನು ಕೊಡೋದು, ಪೂರ್ತಿ ಕೊಡತೀನಿ" ಎಂದು ಎದ್ದೆ. ಬೀಗತಿಯ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಕಾರಣ ಬೇರೆ.

ಒಳಗೆ ಮೂಲೆಯಲ್ಲಿ ಕೂತು ಕ್ಲಿಪ್ಪು ಬಿಚ್ಚಿದೆ. ಹಿಂಭಾಗ ಎದ್ದಿತು, ಮುಂಭಾಗ ಅಲುಗಲಿಲ್ಲ. ವಿಗ್ಗು ಮುಖದ ಮೇಲೆ ಕರಡಿಯ ಹಾಗೆ ಜೋತು ಬಿತ್ತು. ಅಲ್ಲಿದ್ದ ಕ್ಷೌರಿಕ ಒಂದು ಗಳಿಗೆ ನೋಡಿ, "ಅಯ್ಯೋ ಸಾರ್, ಇದೇಮಿಟಿ?" ಎಂದು ತೆಲುಗಿನಲ್ಲಿ ಬೆರಗಾದ. ಕೈ ಮುಗಿದೆ. ಅವನು ನಗುತ್ತಲೇ ಟೇಪಿನ ಅಂಚಿಗೆ ಕತ್ತರಿ ಆಡಿಸಿ ವಿಗ್ಗನ್ನು ಬಿಡಿಸಿದ. ಕಿವಿಗಳ ಮೇಲೆ ಉಳಿದಿದ್ದ ನನ್ನ ಸ್ವಂತ ದುಡಿಮೆಯ ಕೂದಲನ್ನೂ ಬೋಳಿಸಿದ. ದೇವರಿಗೆ ಕೊಟ್ಟ ಮಾತು, ತಪ್ಪುವಂತಿಲ್ಲ. ಹನ್ನೊಂದು ಸಾವಿರವನ್ನು ಕೈಯಾರೆ ಕೂದಲ ರಾಶಿಗೆ ಹಾಕಿದೆ. ಹಣೆಯ ಮೇಲಿನ ಟೇಪಿನ ಪಟ್ಟಿ ಮಾತ್ರ ಉಳಿಯಿತು. ಪುಣ್ಯಕ್ಕೆ, ಮುಡಿ ತೆಗೆಸಿದವರ ತಲೆಗೆ ಗಂಧ ಬಳಿಯುವ ಪದ್ಧತಿ ಇದೆಯಲ್ಲ. ಪಟ್ಟಿಯ ಮೇಲೆ ದಪ್ಪಗೆ ಬಳಿಸಿಕೊಂಡೆ.

ಹೊರಗೆ ಬಂದರೆ ಬೀಗರು ಸಾಲಾಗಿ ನನ್ನ ಕಾಲಿಗೆ ಬಿದ್ದರು, ನನಗಿಂತ ದೊಡ್ಡವರೂ ಕೂಡ. ಕೂಸನ್ನು ಮತ್ತೆ ತೊಡೆಯ ಮೇಲಿಟ್ಟು ಇನ್ನೊಂದು ಫೋಟೋ ತೆಗೆದರು: ಎರಡು ಬೋಳು ತಲೆ, ಎರಡಕ್ಕೂ ಗಂಧ. ದಿಲ್‌ಸುಖ್‌ನಗರದ ಮನೆಯ ನಡುಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿರುವುದು ಅದನ್ನೇ. ಮನೆಗೆ ಬಂದು ಸುನಂದಾ ಕೊಬ್ಬರಿ ಎಣ್ಣೆ ಕಾಯಿಸಿ ಹಚ್ಚಿ, ಪಟ್ಟಿಯನ್ನು ಎಳೆಎಳೆಯಾಗಿ ಬಿಡಿಸುತ್ತ, "ಇಂಥಾ ಕೂದಲಾ ಗುಡಿಯಿಂದಾನ ಬರತಾವಂತ. ಎಲ್ಲಿದು ಅಲ್ಲಿಗೆ ಮುಟ್ಟಿಸಿ ಬಂದ್ರಿ" ಎಂದಳು.

ಈಗ ಕೂಸಿಗೆ ಗುಂಗುರು ಕೂದಲು ಬಂದಿದೆ. ಬೀಗತಿ ಫೋನು ಮಾಡಿದಾಗಲೆಲ್ಲ, "ನಿಮಗ ಇನ್ನಾ ಬರಲಿಲ್ಲೇನ್ರಿ?" ಎಂದು ಮರುಗುತ್ತಾರೆ, ಹಚ್ಚಿಕೊಳ್ಳಲು ಎಣ್ಣೆ ಕಳಿಸುತ್ತಾರೆ. ನಾಟಿ ಮಾಡಿದ ಕ್ಲಿನಿಕ್ಕಿನ ಹೆಸರು ಹೇಳಿ, ಹೋಗಿ ಜಗಳ ಮಾಡುತ್ತೇವೆ ಎಂದು ತಂಗಿಯ ಗಂಡ ಹಟ ಹಿಡಿದಿದ್ದಾನೆ. ಕೊನೆಗೆ ಬೇಸತ್ತು, ಹುಡುಗ ಶಾಲೆಗೆ ಹೋಗುವವರೆಗೆ ಕೂದಲು ಬಿಡುವುದಿಲ್ಲವೆಂದು ಹರಕೆ ಹೊತ್ತಿದ್ದೇನೆ ಎಂದೆ. ಈ ಸುಳ್ಳನ್ನು ಉಳಿಸಿಕೊಳ್ಳಲು ಕಿವಿಯ ಮೇಲೆ ತಾವಾಗಿ ಬರುವ ನಾಲ್ಕು ಕೂದಲನ್ನೂ ಪದೇ ಪದೇ ಬೋಳಿಸಿಕೊಳ್ಳಬೇಕಾಗಿದೆ.

ಆದ್ದರಿಂದ, ನೀವು ಲೇಸ್ ಫ್ರಂಟ್ ಕೊಳ್ಳುವುದಾದರೆ ನಾಲ್ಕು ಮಾತು ಕೇಳಿ. ಕೂದಲಿಗೆ ಎಷ್ಟಾದರೂ ಚೌಕಾಸಿ ಮಾಡಿ, ಟೇಪಿಗೆ ಮಾಡಬೇಡಿ. ಚರ್ಮಕ್ಕೆಂದೇ ಮಾಡಿದ್ದನ್ನು ಅಂಗಡಿಯವನಿಂದಲೇ ಕೊಳ್ಳಿ. ಮೊದಲು ತುಂಡೊಂದನ್ನು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಹಣೆಯ ಎಣ್ಣೆ, ಬೆವರು ಒರೆಸದೆ ಅಂಟಿಸಬೇಡಿ. ಬಿಡಿಸುವ ದ್ರಾವಣದ ಸೀಸೆ ಜೇಬಿನಲ್ಲೇ ಇರಲಿ. ಯಾರಾದರೂ ಕೂದಲು ಎಲ್ಲಿಯದೆಂದು ಕೇಳಿದರೆ ವಿಗ್ಗು ಎಂದೇ ಹೇಳಿಬಿಡಿ, ಒಂದು ದಿನ ನಗುತ್ತಾರೆ, ಅಷ್ಟೇ. ಇನ್ನು ಪೀಪಾಯಿಗಳಿಗೆ ಗಟ್ಟಿ ಟೇಪು ಬೇಕಿದ್ದರೆ ನನ್ನ ಬಳಿ ಬನ್ನಿ. ಮಾಲಿನ ಬಗ್ಗೆ ಈಗ ನಾನು ತಲೆ ಮುಟ್ಟಿ ಆಣೆ ಮಾಡಬಲ್ಲೆ.