ಇಲ್ಲ ಎನ್ನುವ ಕಾರು

ನಾಗಾರ್ಜುನನ ಬಾಯಿಗೆ ಬಾರದ ಪದ ಒಂದೇ ಒಂದು: 'ಇಲ್ಲ'. ಅದೊಂದು ಬಂದಿದ್ದರೆ ಅವನು ಗೋಣಿಕೊಪ್ಪಲಿನ ಕಾಫಿ ಮಂಡಿಗೆ ದಿನವೂ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದ, ಸಾಹುಕಾರರಿಂದ ಬೈಸಿಕೊಳ್ಳುತ್ತಿರಲಿಲ್ಲ, ಈ ಕತೆಯೂ ಹುಟ್ಟುತ್ತಿರಲಿಲ್ಲ.

ತಿತಿಮತಿಯ ಹತ್ತಿರವಿದ್ದ ಅವನ ಮನೆಯ ಗೇಟಿನ ಮುಂದೆ ಬೆಳಗಾದರೆ ಅರ್ಧ ಊರು ನಿಂತಿರುತ್ತಿತ್ತು. ಅವನ ಹಳೆಯ ವ್ಯಾನು ಮಂಡಿಗೆ ಹೊರಟಿತೆಂದರೆ ಸೊಪ್ಪು ಮಾರುವ ರುದ್ರಮ್ಮ ಬುಟ್ಟಿ ಸಮೇತ ಏರುವಳು. ಅರಣ್ಯ ಇಲಾಖೆಯ ಜೀಪು ಓಡಿಸಿ ನಿವೃತ್ತನಾದ ಬೆಳ್ಳಿಯಪ್ಪ ಮುಂದಿನ ಸೀಟು ಹಿಡಿದು, ದಾರಿಯುದ್ದಕ್ಕೂ ಗೇರು ಹಾಕುವ ಪಾಠ ಹೇಳುವನು. ಆಮೇಲೆ ಕಾಲೇಜಿನವರು, ಆಸ್ಪತ್ರೆಯವರು, ಒಮ್ಮೊಮ್ಮೆ ಯಾರದೋ ಕೋಳಿಗಳು. ಒಬ್ಬರು ಬರುವುದು ತಡವಾದರೆ ಉಳಿದವರೇ "ಪಾಪ, ಸ್ವಲ್ಪ ನಿಲ್ಸು" ಎನ್ನುವರು. ವ್ಯಾನು ನಿಲ್ಲುತ್ತಿತ್ತು. "ಇನ್ನು ಲೇಟಾಗಿ ಬಂದ್ರೆ ತಕ್ಕಡಿ ಹತ್ರ ಬೇರೆಯವ್ರನ್ನ ಕೂರಿಸ್ತೀನಿ" ಎಂದು ಸಾಹುಕಾರರು ಹೇಳಿಯೇಬಿಟ್ಟಿದ್ದರು.

ಅಂಥ ವ್ಯಾನು ಒಂದು ದಿನ ತಾನಾಗಿಯೇ ಪ್ರಾಣ ಬಿಟ್ಟಿತು. ನಾಗಾರ್ಜುನ ಮುಖ ಸಪ್ಪಗೆ ಮಾಡಿಕೊಂಡು ಒಳಗೊಳಗೇ ಕುಣಿದ. ಹೊಸ ಕಾರನ್ನು ಚಿಕ್ಕದೇ ತಗೊಂಡರಾಯಿತು! ತಾನು ಹೇಳಲಾರದ ಮಾತನ್ನು ಕಾರೇ ಹೇಳುತ್ತದೆ. ಜಾಗ ಇಲ್ಲ, ಅಷ್ಟೇ.

"ನೋಡೋಕೆ ಜೀಪಿನ ಹಾಗೆ ಎತ್ತರ, ಆದ್ರೆ ಪುಟಾಣಿ. ಅಂಥ ಎಸ್‌ಯುವಿ ಬಂದಿದೆ ಕಣೆ" ಎಂದು ಹೆಂಡತಿಗೆ ಹೇಳಿದ.

"ಅದರ ಮೇಲಿನ ಸೈಜೇ ಇರ್ಲಿ" ಎಂದಳು ನೀಲಾವತಿ.

"ಯಾಕೆ?"

"ಇರ್ಲಿ ಅಂದ್ನಲ್ಲ."

ಅವಳು ಕಾರಣ ಹೇಳಲಿಲ್ಲ. ಗಂಡನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಶೋರೂಮಿನ ತೇಜಸ್ ತನ್ನ ಜೊತೆಗಾರನೊಂದಿಗೆ ಎರಡೂ ಕಾರುಗಳನ್ನು ಮನೆ ಬಾಗಿಲಿಗೇ ತಂದ. ದೊಡ್ಡದು ಬಿಳಿ, ಚಿಕ್ಕದು ಕೆಂಪು. ಅವನು ಬಾಯಿ ತೆರೆಯುವ ಮೊದಲೇ ಜನ ಸೇರಿದರು. ಬೆಳ್ಳಿಯಪ್ಪ ಎಂಟೂ ಚಕ್ರಗಳನ್ನು ಒದ್ದು ನೋಡಿ, ಬಿಳಿ ಕಾರಿನ ಬಾನೆಟ್ಟಿಗೆ ಕಿವಿಯಿಟ್ಟ.

"ಸರ್, ಎಂಜಿನ್ ಇನ್ನೂ ಆನ್ ಮಾಡಿಲ್ಲ" ಎಂದ ತೇಜಸ್.

"ಗೊತ್ತುಂಟು ಮಾರಾಯ. ಆಫ್ ಇರುವಾಗ ಹೇಗುಂಟು ಅಂತ ನೋಡಿದ್ದು."

ಮೊದಲು ಬಿಳಿ ಕಾರು ಹೊರಟಿತು. ಸ್ಟಿಯರಿಂಗ್ ಹಿಡಿದವನು ನಾಗಾರ್ಜುನ, ಒಳಗೆ ತುಂಬಿಕೊಂಡವರು ಊರವರು. ಸುಳ್ಳು ಹೇಳಬಾರದು, ಕಾರು ಬಲು ಸೊಗಸಾಗಿತ್ತು. ಗುಂಡಿ ಬಂದರೆ ಗುಂಡಿಗೇ ನಾಚಿಕೆಯಾಗುವ ಹಾಗೆ ದಾಟುತ್ತಿತ್ತು. ಏರಿನಲ್ಲಿ ಒಂದು ಚೂರೂ ಏದುಸಿರು ಬಿಡಲಿಲ್ಲ. ಹಿಂದೆ ಕೂತಿದ್ದ ರುದ್ರಮ್ಮ, "ಹೊಟ್ಟೆ ನೀರು ಅಲ್ಲಾಡ್ನಿಲ್ಲ ಕಣ್ ಮಗಾ! ಹಂಗೇ ನಮ್ಮ ಓಣಿಗೂ ಇಳ್ಸು, ಮನೆ ತಾವ ಬುಟ್ಟಿ ಇಳಿಸ್ಕೊತೀನಿ" ಎಂದಳು.

ಇಳಿಸಬಾರದಿತ್ತು. ಇಳಿಸಿದ. ಅರ್ಧ ಓಣಿಯಲ್ಲಿ ಒಂದು ಕಡೆ ಗೋಡೆಯಂಥ ಮಣ್ಣಿನ ಬರೆ, ಇನ್ನೊಂದು ಕಡೆ ಹಲಸಿನ ಮರ, ನಡುವೆ ಬಿಳಿ ಕಾರು. ಅದು ನಾಲ್ಕೂ ಮೂಲೆಯಿಂದ ಕೀಕೀ ಎಂದು ಕೂಗಿಕೊಂಡಿತು. ಬಾಗಿಲು ತೆಗೆಯಲು ಎರಡೂ ಕಡೆ ಜಾಗವಿರಲಿಲ್ಲ. ಕೊನೆಗೆ ಡಿಕ್ಕಿಯ ಬಾಗಿಲು ತೆಗೆಸಿ ನಾಗಾರ್ಜುನನೊಬ್ಬನನ್ನು ಬಿಟ್ಟು ಎಲ್ಲರೂ ಒಬ್ಬೊಬ್ಬರಾಗಿ ಹಿಂದಿನಿಂದ ತೆವಳಿ ಇಳಿದರು. ಮೊದಲು ರುದ್ರಮ್ಮನ ಬುಟ್ಟಿ, ಆಮೇಲೆ ರುದ್ರಮ್ಮ.

"ಬಾ ಬಾ ಬಾ ಬಾ!" ಎಂದು ಬೆಳ್ಳಿಯಪ್ಪ ನಾಗಾರ್ಜುನನಿಗೆ ರಿವರ್ಸ್ ಹೇಳಿದ. ಬಂದ. "ಸಾಕು!" ಎನ್ನುವಷ್ಟರಲ್ಲಿ ಬಂಪರ್ ಬರೆಯೊಳಗೆ ಹೊಕ್ಕಿತ್ತು. ಅಂತೂ ಮಣ್ಣು ಮೆತ್ತಿಕೊಂಡ ಕಾರು ಮೇಲೆ ಬಂತು. ತೇಜಸ್ ಅಳುವುದೊಂದು ಬಾಕಿ.

"ಹೋಗ್ಲಿ ಬುಡು ಮಗಾ" ಎಂದಳು ರುದ್ರಮ್ಮ. "ಮುಂಚಿನಂಗೆ ಗೇಟ್ ತನಕ ನಡ್ಕೊಂಡೇ ಬತ್ತೀನಿ."

ಓಣಿಯ ತುದಿಯಲ್ಲಿ ನಿಂತು ನೋಡುತ್ತಿದ್ದ ನೀಲಾವತಿಯ ಮುಖ ಮಾತ್ರ ಅರಳಿತ್ತು. "ನೋಡಿದ್ರಾ, ಎಷ್ಟು ಚೆನ್ನಾಗಿದೆ! ಇದೇ ಇರ್ಲಿ" ಎಂದಳು. ಮರಕ್ಕೆ ಸಿಕ್ಕಿಹಾಕಿಕೊಂಡ ಕಾರಿನಲ್ಲಿ ಇವಳಿಗೆ ಚೆಂದ ಕಂಡಿದ್ದೇನು ಎಂದು ನಾಗಾರ್ಜುನನಿಗೆ ಅರ್ಥವಾಗಲಿಲ್ಲ.

ಈಗ ಕೆಂಪು ಕಾರಿನ ಸರದಿ. ಬೆಳ್ಳಿಯಪ್ಪ ಹಿಂದೆ ಕೂತ. ನಾಗಾರ್ಜುನ ಬೇಕೆಂದೇ ತನ್ನ ಸೀಟನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದ. ಬೆಳ್ಳಿಯಪ್ಪನ ಮೊಣಕಾಲು ಗದ್ದಕ್ಕೆ ತಾಗಿತು. ಪಕ್ಕದಲ್ಲಿ ರುದ್ರಮ್ಮ, ಬುಟ್ಟಿ, ಇನ್ನೊಬ್ಬರು; ಅಲ್ಲಿಗೆ ಕಾರು ಮುಗಿಯಿತು. ಉಳಿದ ಊರು ಕಿಟಕಿಯಲ್ಲಿ ಇಣುಕುತ್ತ ಹೊರಗೇ ಉಳಿಯಿತು.

"ಹೇಗಿದೆ ಬೆಳ್ಳಿಯಪ್ಪಣ್ಣ, ಜಾಗ?"

"ಜಾಗವೇ ಇಲ್ಲ ಮಾರಾಯ."

ಇಷ್ಟು ಇಂಪಾದ ಮಾತನ್ನು ನಾಗಾರ್ಜುನ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದವನೇ ಹೆಂಡತಿಯ ಕಣ್ಸನ್ನೆಯನ್ನೂ ಲೆಕ್ಕಿಸದೆ ಫೋನಿನಲ್ಲೇ ಅಡ್ವಾನ್ಸ್ ಕಳಿಸಿ ಕೆಂಪು ಕಾರನ್ನು ಬುಕ್ ಮಾಡಿಬಿಟ್ಟ. "ಕಂಗ್ರಾಟ್ಸ್ ಸರ್, ಇದು ಪೆಟ್ರೋಲೂ ಕಡಿಮೆ ಕುಡಿಯುತ್ತೆ" ಎಂದ ತೇಜಸ್.

ಊರವರು ಒಬ್ಬೊಬ್ಬರಾಗಿ ಗೇಟು ದಾಟಿದರು. ರುದ್ರಮ್ಮ ಬುಟ್ಟಿಯನ್ನು ತಲೆಗೇರಿಸಿಕೊಂಡಳು. ಅದನ್ನು ನೋಡಿ ನಾಗಾರ್ಜುನನಿಗೆ ಪಾಪ ಅನ್ನಿಸಿತು. ಗೆದ್ದವನು ಒಂದಿಷ್ಟು ಧಾರಾಳವಾಗಿದ್ದರೆ ತಪ್ಪೇನು?

"ಬನ್ನಿ ಅಜ್ಜಿ, ಇವತ್ತೊಂದಿನ ಇದರಲ್ಲೇ ಬಿಟ್ಟು ಬರ್ತೀನಿ" ಎಂದ.

ಕೆಂಪು ಕಾರು ಓಣಿಗೆ ಇಳಿಯಿತು. ಬರೆಯನ್ನು ಮುಟ್ಟಲಿಲ್ಲ, ಹಲಸಿನ ಮರಕ್ಕೆ ತಾಗಲಿಲ್ಲ, ಒಮ್ಮೆಯೂ ಕೀ ಎನ್ನಲಿಲ್ಲ. ಓಣಿಗೆ ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ ಕೂತುಬಿಟ್ಟಿತು. ರುದ್ರಮ್ಮನ ಅಂಗಳ ತಲುಪಿ, ಕೋಳಿಗಳ ನಡುವೆ ಒಂದೇ ಸುತ್ತಿಗೆ ತಿರುಗಿ ಜಾಣ ಕರುವಿನಂತೆ ನಿಂತಿತು. ನಾಗಾರ್ಜುನನಿಗೇ ಕಾರಿನ ಮೇಲೆ ಅಭಿಮಾನ ಉಕ್ಕಿತು.

ರುದ್ರಮ್ಮ ಇಳಿದು ಬೇಲಿಯ ದಾಸವಾಳ ಕಿತ್ತು ಬಾನೆಟ್ಟಿನ ಮೇಲಿಟ್ಟಳು. "ಮದ್ವೆ ಆಗಿ ಬಂದಾಗ್ಲಿಂದ ಈ ಓಣೀಲಿ ತಲೆ ಮ್ಯಾಲೆ ಹೊರೆ ಇಲ್ದೆ ಬಂದೋಳಲ್ಲ ನಾನು. ನಿನ್ ಕಾರು ತಣ್ಣಗಿರ್ಲಿ" ಎಂದು ಕಣ್ಣೊರೆಸಿಕೊಂಡಳು. ಆ ವಯಸ್ಸಿನಲ್ಲೂ ದಿನಾ ಏರು ಹತ್ತಿ ದುಡಿದು ತಿನ್ನುವ ಗಟ್ಟಿ ಜೀವ ಅದು. ನಾಗಾರ್ಜುನನ ಕಣ್ಣೂ ಒದ್ದೆಯಾಯಿತು.

ಅಷ್ಟರಲ್ಲಿ ಹಿಂದಿನಿಂದ ಓಡುತ್ತ ಬಂದ ಬೆಳ್ಳಿಯಪ್ಪ ಕೂಗಿದ: "ನಾಗಾರ್ಜುನ! ಹಾಗಾದ್ರೆ ನಮ್ಮ ಓಣಿಗೂ ಬರ್ತದೆ! ಇನ್ನು ಗೇಟಲ್ಲಿ ಕಾಯುವುದೇ ಬೇಡ. ಮೊದ್ಲು ರುದ್ರಮ್ಮ, ಆಮೇಲೆ ನಾನು, ಆಮೇಲೆ ಕೆರೆ ಹತ್ರದವ್ರು. ಎಲ್ಲರನ್ನೂ ಮನೆ ಬಾಗಿಲಿಂದಲೇ ಹತ್ತಿಸ್ಕೊಳ್ಳಬಹುದು!"

"ಆದ್ರೆ ಅಣ್ಣಾ, ಜಾಗ..."

"ಸಾಲದಿದ್ರೆ ಎರಡು ಟ್ರಿಪ್ ಹೊಡಿ. ಪೆಟ್ರೋಲ್ ಕಡಿಮೆ ಕುಡಿತದೆ ಅಂತ ಆ ಹುಡುಗನೇ ಹೇಳಿದ್ನಲ್ಲ!"

ಸಂಜೆ ನೀಲಾವತಿ ಕಾಫಿ ಲೋಟವನ್ನು ಗಂಡನ ಮುಂದೆ ಕುಕ್ಕಿದಳು. "ದೊಡ್ಡದಾಗಿದ್ರೆ ಎಲ್ರೂ ಒಂದೇ ಸಲಕ್ಕೆ ಹಿಡೀತಿದ್ರು, ಒಂದು ಓಣಿಗೂ ಇಳೀತಿರ್ಲಿಲ್ಲ. ಹೊತ್ತಿಗೆ ಸರಿಯಾಗಿ ಗೇಟಿಗೆ ಬಂದವ್ರು ಬಂದ್ರು, ಬಾರದವ್ರು ಬಸ್ಸು. ಹೊತ್ತಾದ ಕೂಡ್ಲೆ ಸ್ಟಿಯರಿಂಗ್ ಹತ್ರ ನಾನೇ ಕೂತ್ಕೊಂಡು ಹಾರ್ನ್ ಹೊಡೆದು ನಿಮ್ಮನ್ನ ಹೊರಡಿಸ್ತಿದ್ದೆ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಬೆಳ್ಳಿಯಪ್ಪಣ್ಣಂಗೆ ಹೇಳ್ತಿದ್ರಿ. ಇನ್ನೂ ಹೊತ್ತು ಮೀರಿಲ್ಲ. ಆ ಹುಡುಗಂಗೆ ಫೋನ್ ಮಾಡಿ, ಬುಕಿಂಗ್ ಬದಲಾಯಿಸಿ."

ನಾಗಾರ್ಜುನನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ತಲೆಗೆ ಮನಸ್ಸಿನಲ್ಲೇ ಕೈಮುಗಿದು ಫೋನು ಎತ್ತಿಕೊಂಡ. ಆಗಲೇ ಗೇಟು ಕಿರ್ ಎಂದಿತು. ಕೈಯಲ್ಲಿ ಎಳೆ ಬಿದಿರಿನ ಕಳಲೆ ಪಲ್ಯದ ಪಾತ್ರೆ ಹಿಡಿದು ರುದ್ರಮ್ಮ ನಿಂತಿದ್ದಳು.

"ಓಣೀಗೆ ಚಾಚ್ಕೊಂಡಿದ್ದ ಹಲಸಿನ ಕೊಂಬೆ ಕಡಿಸ್ಬುಟ್ಟೆ ಮಗಾ. ನಿನ್ ಹೊಸ ಕಾರ್ಗೆ ಒಂದು ಗೀರೂ ಬೀಳ್ಬಾರ್ದು. ಬೆಳ್ಳಿಯಪ್ಪ ಅವನ ಬೇಲೀನೇ ಕಿತ್ತು ಹಿಂದಕ್ಕೆ ಹಾಕ್ತಾವ್ನೆ. ಇನ್ನೇನು ಬ್ಯಾರೆ ಕಾರು ತಗೊಳ್ಳಲ್ಲ ತಾನೇ?"

ನೀಲಾವತಿ ಗಂಡನ ಕಾಲು ತುಳಿದಳು. ನಾಗಾರ್ಜುನ ಪಾತ್ರೆಯನ್ನು ನೋಡಿದ, ಅದನ್ನು ಹಿಡಿದ ಕೈಯನ್ನು ನೋಡಿದ. ಹುಟ್ಟಿದಾಗಿನಿಂದ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಪದ ಅವತ್ತು ಸಲೀಸಾಗಿ ಹೊರಬಂತು.

"ಇಲ್ಲ ಅಜ್ಜಿ" ಎಂದ.