ಹಂಚಿಕೆಯಲ್ಲಿ ಬಿಟ್ಟುಹೋದ ಫೋನ್ ನಂಬರು

ಬೇರೆಯವರ ಸಂಸಾರ ಒಡೆದಾಗ ಅದರ ತುಂಡುಗಳನ್ನು ಅಚ್ಚುಕಟ್ಟಾಗಿ ಎರಡು ಕಡೆ ಜೋಡಿಸಿಡುವುದು ಬಹಳ ಸುಲಭ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಶಹಾಪುರದ ನೋಂದಣಿ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಮೇಜು ಕುರ್ಚಿ ಹಾಕಿಕೊಂಡು ಇಪ್ಪತ್ತು ವರ್ಷಗಳಿಂದ ಪತ್ರ ಬರೆಯುವುದೇ ನನ್ನ ಕಸುಬು. ಖರೀದಿ ಪತ್ರ, ದಾನಪತ್ರ, ಪಾಲುಪತ್ರ, ಯಾವುದಿದ್ದರೂ ಸರಿ. ಅಣ್ಣತಮ್ಮಂದಿರು ಒಂದು ಬಾವಿಗಾಗಿ ಅಂಗಿ ಹರಿದುಕೊಂಡು ಬಂದರೂ ನಾನು ಕನ್ನಡಕ ಒರೆಸಿಕೊಂಡು, “ಮೊದ್ಲ ಕುಂದರ್ರಿ. ಪೂರ್ವಕ್ಕ ಯಾರ ಹೊಲ ಅದ ಹೇಳ್ರಿ” ಎಂದು ಶಾಂತವಾಗಿ ಶುರುಮಾಡುತ್ತೇನೆ. ಚನ್ನಬಸಪ್ಪ ಬರೆದ ಪತ್ರದಲ್ಲಿ ಸೂಜಿ ತೂರುವಷ್ಟೂ ಸಂದು ಇರುವುದಿಲ್ಲ ಎಂದು ಊರಲ್ಲಿ ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನೂ ಬಹುಮಟ್ಟಿಗೆ ನಾನೇ. ಇಂಥ ನಾನು ನನ್ನದೇ ಸಂಸಾರದ ಆಸ್ತಿ ಹಂಚುವಾಗ ಮುಖ್ಯವಾದ ಒಂದನ್ನು ಬರೆಯದೆ ಬಿಟ್ಟುಬಿಟ್ಟೆ.

ನನ್ನ ಹೆಂಡತಿ ಶರಣಮ್ಮ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಹೆಂಡತಿಯಾಗಿದ್ದಳು ಎನ್ನಬೇಕು, ಈ ಒಂದು ಕ್ರಿಯಾಪದ ನನಗೆ ಇನ್ನೂ ರೂಢಿಯಾಗಿಲ್ಲ. ಒಂದು ಒಲೆ, ಒಂದು ಹೆಂಚಿನಿಂದ ಶುರುಮಾಡಿ ಐದು ಜನ ಹೆಣ್ಣುಮಕ್ಕಳಿಗೆ ಕೆಲಸ ಕೊಡುವ ಮಟ್ಟಕ್ಕೆ ತಂದಿದ್ದಳು. ಮದುವೆ, ಗೃಹಪ್ರವೇಶ, ಕಡೇಚೂರಿನ ಕಾರ್ಖಾನೆಯವರ ಊಟ, ಎಲ್ಲೆಡೆಗೂ ಅವಳ ಜೋಳದ ರೊಟ್ಟಿ ಹೋಗುತ್ತಿತ್ತು. ಬೆಳಗಿನ ಜಾವದಿಂದಲೇ ಟಪಟಪ ಎಂದು ರೊಟ್ಟಿ ಬಡಿಯುವ ಸದ್ದು. “ಮನಿಯೋ ಕಮ್ಮಾರ ಸಾಲಿಯೋ ಇದು?” ಎಂದು ನಾನು ದಿಂಬಿನಲ್ಲಿ ತಲೆ ಮುಚ್ಚಿಕೊಳ್ಳುತ್ತಿದ್ದೆ. ಆ ಕೇಂದ್ರದ ಲೈಸೆನ್ಸು, ಕರೆಂಟಿನ ಮೀಟರು, ಫೋನಿನ ಸಿಮ್ಮು ಎಲ್ಲವೂ ನನ್ನ ಹೆಸರಿನಲ್ಲಿದ್ದವು. ಗಂಡಸಿನ ಹೆಸರಿದ್ದರೆ ಕಾಗದಕ್ಕೆ ತೂಕ ಎಂದು ನಾನೇ ಮಾಡಿಸಿದ್ದೆ. ಅವಳಿಗೆ ಹೇಳಬೇಕೆಂದೂ ಅನಿಸಿರಲಿಲ್ಲ. ಮಹಿಳಾ ಉದ್ಯಮಿಗಳ ಸಭೆಯೊಂದಕ್ಕೆ ಕಾಗದ ಬೇಕೆಂದು ಒಂದು ದಿನ ಅವಳು ಟ್ರಂಕು ತೆರೆದಾಗ ಎಲ್ಲ ಹೊರಬಿತ್ತು.

“ಹದಿನಾರು ವರ್ಷ ನನ್ನ ಕೈ ಸುಟ್ಕೊಂಡೀನಿ. ಇದ್ರಾಗ ನಾ ಎಲ್ಲಿ ಅದೀನ್ರಿ?” ಎಂದು ಕೇಳಿದಳು.

“ಹೆಸರು ಯಾರದಿದ್ರ ಏನು? ನಂದು ನಿಂದು ಬ್ಯಾರೆ ಅದ ಏನು?” ಎಂದೆ ನಾನು.

ಅದೇ ಬಾಯಲ್ಲಿ ನಾನು ಮುಂದುವರಿದು, ಹೇಗೂ ಅದೊಂದು ಹೊತ್ತು ಕಳೆಯುವ ಉದ್ಯೋಗ ತಾನೇ ಎಂದೂ ಅಂದೆ. ಮೊದಲಿನದನ್ನು ಅವಳು ಮರೆಯುತ್ತಿದ್ದಳೋ ಏನೋ. ಎರಡನೆಯದನ್ನು ಮರೆಯಲಿಲ್ಲ. ಮರುದಿನ ಫೋನಿನಿಂದ ಸಿಮ್ ತೆಗೆದು ಮೇಜಿನ ಮೇಲಿಟ್ಟು, “ನಿಮ್ಮ ಹೆಸರಿಂದು ನಿಮ್ಮ ಹತ್ರಾನೇ ಇರ್ಲಿ” ಎಂದು ಹೇಳಿ ಸುರಪುರದ ತವರಿಗೆ ಹೋದಳು. ಕರೆಯಲು ಎರಡು ಸಲ ಹೋದೆ. ಎರಡು ಸಲವೂ ಅವಳಿಗಿಂತ ಹೆಚ್ಚು ಮಾತಾಡಿ ಒಬ್ಬನೇ ಬಂದೆ.

ಕಡೆಗೆ ಯಾದಗಿರಿ ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಬೇರೆಯಾಗುವುದೆಂದು ತೀರ್ಮಾನವಾಯಿತು. ಹಂಚಿಕೆಯ ಕರಡನ್ನು ನಾನೇ ಬರೆಯುತ್ತೇನೆಂದು ಹಟ ಹಿಡಿದೆ. ಕಸುಬಿನ ಅಹಂಕಾರ, ಇನ್ನೇನು. ಆದರೆ ಬರೆಯಲು ಕುಳಿತರೆ ಒಂದೂ ಸರಳವಾಗಿರಲಿಲ್ಲ. ಮನೆಯ ಜಾಗ ನಮ್ಮಪ್ಪನದು, ಮೇಲಿನ ಗೋಡೆಗಳು ಅವಳ ರೊಟ್ಟಿಯಿಂದ ಎದ್ದವು. ರಾಮಸಮುದ್ರದ ಕಡೆಗಿದ್ದ ಖಾಲಿ ನಿವೇಶನ ಇಬ್ಬರದು. ಕೇಂದ್ರ ಕಾಗದದಲ್ಲಿ ನನ್ನದು, ಉಳಿದ ಎಲ್ಲದರಲ್ಲೂ ಅವಳದು. ಐದು ಹೆಂಚು ಬರೆದೆ, ಹಿಟ್ಟಿನ ಡಬ್ಬಿ ಬರೆದೆ. ಅವಳು ರೊಟ್ಟಿ ಬಡಿಯುವಾಗ ಒರಗುತ್ತಿದ್ದ ಗೋಡೆಯ ಮೇಲೆ ಎಣ್ಣೆಯ ಒಂದು ಕಲೆಯಿತ್ತು, ಅದನ್ನು ಯಾರ ಪಾಲಿಗೆ ಬರೆಯಬೇಕೆಂದು ತಿಳಿಯಲಿಲ್ಲ. ಮನೆ ನನಗೆ, ನಿವೇಶನ ಮತ್ತು ಕೇಂದ್ರ ಅವಳಿಗೆ ಎಂದಾಯಿತು. “ಮಕ್ಕಳಿಲ್ಲ, ಹಿಂಗಾಗಿ ತ್ರಾಸಿಲ್ಲ ಬಿಡ್ರಿ” ಎಂದರು ವಕೀಲರು. ಆ ಮಾತು ಬಂದಾಗ ನಾವಿಬ್ಬರೂ ಬೇರೆ ಬೇರೆ ಗೋಡೆ ನೋಡುತ್ತಿದ್ದೆವು. ತೀರ್ಪಾಗಿ ಕೋರ್ಟಿನಿಂದ ಹೊರಗೆ ಬಂದ ಮೇಲೆ ಅವಳನ್ನು ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಗೊತ್ತಾಗದೆ, “ಬಸ್ಸು ಅಲ್ಲಿ ನಿಲ್ಲತದ” ಎಂದು ಯಾರಿಗೋ ಹೇಳುವಂತೆ ಹೇಳಿದೆ.

ಮನೆಗೆ ಬಂದ ಮರುದಿನ ಮುಂಜಾನೆ ಮೇಜಿನ ಮೇಲಿದ್ದ, ರೀಚಾರ್ಜು ಮಾತ್ರ ತಪ್ಪದೆ ಮಾಡಿಸುತ್ತಿದ್ದ ಆ ಸಿಮ್ಮನ್ನು ಹಳೆಯ ಫೋನಿಗೆ ಹಾಕಿದೆ. ಯಾಕೆ ಹಾಕಿದೆನೋ, ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ. ಹಾಕಿದ ಐದು ನಿಮಿಷಕ್ಕೆ ಫೋನು ಬಂತು. “ಅಕ್ಕಾರ ಇಲ್ಲೇನ್ರಿ? ಐತವಾರಕ್ಕ ನೂರು ರೊಟ್ಟಿ ಬೇಕಿತ್ರಿ.” ಅದಾದ ಮೇಲೆ ಇನ್ನೊಂದು, ಮತ್ತೊಂದು. ಬೋರ್ಡುಗಳ ಮೇಲೆ, ಪ್ಯಾಕೆಟ್ಟುಗಳ ಮೇಲೆ, ಊರೂರಿನ ಅಡುಗೆಯವರ ಡೈರಿಗಳಲ್ಲಿ ಇದ್ದದ್ದು ಇದೇ ನಂಬರು. ಸುರಪುರದಲ್ಲಿ ಅವಳು ಒಲೆ ಹೂಡಿ ಕುಳಿತಿದ್ದಳು. ಗಿರಾಕಿಗಳೆಲ್ಲ ನನ್ನ ಜೇಬಿನಲ್ಲಿದ್ದರು. ಹೆಂಚಿನ ಸಂಖ್ಯೆ ಬರೆದವನು ನಂಬರನ್ನು ಬರೆದಿರಲಿಲ್ಲ.

ಮೊದಲ ದಿನ ಅವಳ ಹೊಸ ನಂಬರಿಗೆ ಫೋನು ಮಾಡಿ ಆರ್ಡರು ಓದಿದೆ. “ಹೂಂ” ಎಂದಳು. ಮರುದಿನವೂ “ಹೂಂ”. ನಂಬರನ್ನು ಅವಳ ಹೆಸರಿಗೆ ಮಾಡಿಸಿಕೊಟ್ಟಿದ್ದರೆ ಒಂದು ತಾಸಿನ ಕೆಲಸ. ನಾನು ಮಾಡಿಸಲಿಲ್ಲ. ಆ ಹೂಂಗುಟ್ಟುವಿಕೆಗಾಗಿ ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿಕೊಂಡು, ಪೆನ್ನು ಹಿಡಿದು ಕೂಡುತ್ತಿದ್ದೆ. ಆಮೇಲೆ ಸಣ್ಣ ಸಣ್ಣ ಪ್ರಶ್ನೆ ಸೇರಿಸತೊಡಗಿದೆ. ಎಳ್ಳು ಹಚ್ಚಿದ್ದೋ ಹಚ್ಚದ್ದೋ? ಕಡಕ್ಕೋ ಮೆತ್ತಗಿನದೋ? ಹದಿನಾರು ವರ್ಷ ಒಂದೇ ಮನೆಯಲ್ಲಿದ್ದು ಅವಳ ಕೆಲಸದ ಬಗ್ಗೆ ಕೇಳದೆ ಇದ್ದುದನ್ನೆಲ್ಲ ಏಳು ತಿಂಗಳಲ್ಲಿ ಕೇಳಿದೆ. ಚಳಿಗಾಲದಲ್ಲಿ ಜೋಳದ ಹಿಟ್ಟಿಗೆ ನೀರಿನ ಹದವೇ ಬೇರೆ ಎಂಬುದು ನನಗೆ ಗೊತ್ತಾದದ್ದು ಡೈವೋರ್ಸಾದ ಮೇಲೆ.

ಆಸೆ ಕೆಟ್ಟದ್ದು. ಒಂದು ವಾರ ಆರ್ಡರುಗಳೇ ಬರಲಿಲ್ಲ. ಮೂರನೆಯ ದಿನಕ್ಕೆ ತಡೆಯಲಾರದೆ ನಾನೇ ಒಂದು ಆರ್ಡರು ಹುಟ್ಟಿಸಿದೆ. “ಬೋನಾಳ ಕೆರಿಗೆ ಹಕ್ಕಿ ನೋಡವ್ರು ಬಂದಾರ. ಮೂವತ್ತು ರೊಟ್ಟಿ ಬೇಕಂತ. ಶಹಾಪುರದ ಬಸ್ಸಿಗೆ ಹಾಕು, ನಾ ಮುಟ್ಟಸ್ತೀನಿ.”

“ಬೋನಾಳ ನನ್ನ ಬಾಜೂಕ ಅದ” ಎಂದಳು. “ಇಲ್ಲಿಂದ ಶಹಾಪುರಕ್ಕ ಹೋಗಿ, ಅಲ್ಲಿಂದ ಹೊಳ್ಳಿ ಬೋನಾಳಕ್ಕ ಬರ್ತಾವೇನ್ರಿ ರೊಟ್ಟಿ?”

ಊರಿನ ಜನರ ಹೊಲಗಳಿಗೆಲ್ಲ ನಾಲ್ಕು ದಿಕ್ಕು ಬರೆದುಕೊಡುವವನಿಗೆ ಬೋನಾಳ ಯಾವ ದಿಕ್ಕಿಗಿದೆ ಎಂಬುದೇ ಮರೆತಿತ್ತು. ಫೋನು ಇಟ್ಟುಬಿಟ್ಟೆ. ಸಂಜೆ ಕಂಡಕ್ಟರು ಒಂದು ಗಂಟು ಕೊಟ್ಟು ಹೋದ. ಮೂವತ್ತು ರೊಟ್ಟಿ, ಎಳ್ಳು ಹಚ್ಚಿದವು. ಜೊತೆಗೆ ನಾನು ಕೇಳಿರದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣ, ನನಗೆ ಸೇರುವಂತೆ ಬೆಳ್ಳುಳ್ಳಿ ಜಾಸ್ತಿ ಹಾಕಿದ್ದು. ಹಕ್ಕಿ ನೋಡುವವರಿಗೆ ಬೆಳ್ಳುಳ್ಳಿ ಇಷ್ಟವೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹನ್ನೊಂದು ದಿನ ಅದನ್ನೇ ತಿಂದೆ. ಕೊನೆಯ ಎರಡು ರೊಟ್ಟಿ ಮುರಿಯಲು ಮನಸ್ಸಾಗದೆ ಎರಡು ದಿನ ಸುಮ್ಮನೆ ಇಟ್ಟಿದ್ದೆ.

ಆಮೇಲೆ ಅವಳೇ ಫೋನು ಮಾಡಿದಳು. “ಶನಿವಾರ ಬರ್ತೀನಿ. ನಂಬರ ನನ್ನ ಹೆಸರಿಗಿ ಮಾಡಿಕೊಡ್ರಿ. ಇದು ಸಾಕಿನ್ನ.”

ಶನಿವಾರ ಶಹಾಪುರದ ಒಂದು ಮೊಬೈಲ್ ಅಂಗಡಿಯಲ್ಲಿ ಅಕ್ಕಪಕ್ಕ ಕುಳಿತೆವು. ಕೌಂಟರಿನ ಹುಡುಗಿ ಕಂಪ್ಯೂಟರು ನೋಡುತ್ತಲೇ, “ನೀವಿಬ್ರೂ ಒಬ್ರಿಗೊಬ್ರು ಏನಾಗಬೇಕ್ರಿ?” ಎಂದು ಕೇಳಿದಳು. ಶರಣಮ್ಮ, “ಪರಿಚಯದವ್ರು ಅಂತ ಬರೀವಾ” ಎಂದಳು. ನಾನು ಸಹಿ ಮಾಡಿದೆ. ಜೀವನದಲ್ಲಿ ನಾನು ಮಾಡಿದ ಅತ್ಯಂತ ಕೆಟ್ಟ ಸಹಿ ಅದು. ಹುಡುಗಿ ಇನ್ನೊಮ್ಮೆ ಮಾಡಿಸಿಕೊಂಡಳು.

ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದೆ. “ಆವತ್ತ ನಿನ್ನ ಹೆಸರಿಗೇ ಮಾಡಸಬೇಕಿತ್ತು. ತಪ್ಪಾತು” ಎಂದೆ. ಇಷ್ಟನ್ನು ಹೇಳಲು ನನಗೆ ಒಂದು ಕೋರ್ಟು ಮತ್ತು ಒಂದು ಮೊಬೈಲ್ ಅಂಗಡಿ ಬೇಕಾಯಿತು.

“ಈಗ ಹೇಳಾಕತ್ತೀರಿ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. “ಹೆಸರು ಹಾಳಾಗಿ ಹೋಗ್ಲಿ. ನನ್ನ ಒಂದ್ ಮಾತ ಕೇಳಿದ್ರ ಸಾಕಿತ್ತು.” ಬಸ್ಸು ಬಂತು, ಹತ್ತಿದಳು.

ಆಮೇಲೆ ಹದಿನೈದು ದಿನ ನನ್ನ ಫೋನಿಗೆ ಸಾಲ ಬೇಕೇ ಎಂದು ಕೇಳುವವರ ಹೊರತು ಯಾರ ಕರೆಯೂ ಬರಲಿಲ್ಲ. ನಿನ್ನೆ ಧೈರ್ಯಮಾಡಿ ಆ ಹಳೆಯ ನಂಬರಿಗೆ ಫೋನು ಮಾಡಿದೆ.

“ರೊಟ್ಟಿ ಕೇಂದ್ರ, ಹೇಳ್ರಿ” ಎಂದಳು.

“ಹತ್ತು ರೊಟ್ಟಿ ಬೇಕಿತ್ತು. ಶಹಾಪುರಕ್ಕ. ಚನ್ನಬಸಪ್ಪ ಅಂತ.”

ಪೆನ್ನಿನ ಸದ್ದು ಕೇಳಿಸಿತು. “ಇಪ್ಪತ್ತೈದ್ರಕಿಂತ ಕಮ್ಮಿ ಇದ್ರ ಬಸ್ಸಿಗಿ ಹಾಕಂಗಿಲ್ರಿ. ಬಂದು ಒಯ್ಯಬೇಕು.”

ಏಳು ತಿಂಗಳು ಅವಳ ಆರ್ಡರು ಹಿಡಿದವನು ನಾನು. ಐದು ರೊಟ್ಟಿಯನ್ನೂ ಅವಳು ಬಸ್ಸಿಗೆ ಹಾಕಿದ್ದುಂಟು. ಈ ನಿಯಮ ಯಾವಾಗ ಬಂತೆಂದು ಕೇಳಬಹುದಿತ್ತು. ಕೇಳಲಿಲ್ಲ. ಇವತ್ತು ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಮೀಸೆ ಸರಿಮಾಡಿಕೊಂಡು ಸುರಪುರದ ಬಸ್ಸಿನಲ್ಲಿ ಕುಳಿತೆ. ಬಸ್ಸು ಊರು ದಾಟಿದ ಮೇಲೆ ಗೊತ್ತಾಯಿತು, ರೊಟ್ಟಿ ಕಟ್ಟಿಕೊಂಡು ಬರಲು ಒಂದು ಚೀಲವನ್ನೂ ತಂದಿರಲಿಲ್ಲ.